ಚುಕ್ಕೆಯಿಲ್ಲದ ರಕ್ತ

ಮೂವತ್ತು ದಾಟಿದ ಮೇಲೆ ಮೆಟ್ರಿಕ್ ಪಾಸಾದವನಿಗೆ ಪುಸ್ತಕದ ಮೇಲೆ ಅನುಮಾನವೇ ಹುಟ್ಟುವುದಿಲ್ಲ. ಅಚ್ಚಾಗಿದೆ ಅಂದಮೇಲೆ ನಿಜ; ತಪ್ಪಿದ್ದರೆ ನನ್ನಲ್ಲೇ ಇರಬೇಕು. ಈ ಭಕ್ತಿಯಿಂದ ಒಮ್ಮೆ ನಾನು ಸಾಯಲು ಸಿದ್ಧನಾಗಿದ್ದೆ.

ಆಗ ಹೆಬ್ಬಾಳದ ಕಡೆಯ ಒಂದು ದನದ ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಗೆ ಹೊಸದಾಗಿ ಸೇರಿದ್ದೆ. ಗಾಜಿನ ಪಟ್ಟಿ ತೊಳೆದು, ರಕ್ತ ಸವರಿ, ಬಣ್ಣ ಹಾಕುವುದು ನನ್ನ ಕೆಲಸ. ಸೂಕ್ಷ್ಮದರ್ಶಕದಲ್ಲಿ ನೋಡುವುದು ಡಾಕ್ಟರದು. ಒಂದು ದಿನ ಅವರು ಅಂಗಡಿಯಿಂದ ನೋಡಲು ತರಿಸಿದ್ದ ಎರಡು ಪುಸ್ತಕ ಮುಂದಿಟ್ಟರು. ಎರಡರಲ್ಲೂ ಪುಟದ ತುಂಬ ರಕ್ತಕಣಗಳ ಚಿತ್ರ. "ಇನ್ಮೇಲೆ ನೀನೂ ನೋಡೋದು ಕಲೀಬೇಕು ಕಣಯ್ಯ. ಯಾವುದು ಬೇಕೋ ಆರಿಸ್ಕೊ, ಇನ್ನೊಂದು ವಾಪಸ್ ಕಳಿಸೋಣ" ಅಂದರು.

ಒಂದು ಇಂಗ್ಲಿಷಿನದು, ಚಿತ್ರವೆಲ್ಲ ಕಪ್ಪುಬಿಳುಪು. ಇನ್ನೊಂದು ಜರ್ಮನಿಯದು, ಒಂದಕ್ಷರ ತಿಳಿಯದು, ಬಣ್ಣ ಮಾತ್ರ ಮದುವೆ ಸೀರೆಯ ಹಾಗೆ. ಮೊದಲ ಪುಟದಲ್ಲೊಂದು ಹುಂಜ. ಬೀಡಿ ಕಟ್ಟಿನ ಮೇಲೆ ಜಿಂಕೆ ಇರುವ ಹಾಗೆ ಇದು ಕಂಪನಿಯ ಗುರುತು ಅಂದುಕೊಂಡೆ. ಅಕ್ಕಿ ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿ ನೋಡುವ ಊರಿನವನು ನಾನು. ಎರಡರಲ್ಲಿ ಒಂದನ್ನು ನೋಡದೆ ಆರಿಸುವುದುಂಟೆ? ಬೆರಳು ಚುಚ್ಚಿಕೊಂಡು ನನ್ನದೇ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಬಣ್ಣದ ಪುಸ್ತಕದ ಚಿತ್ರದೊಡನೆ ತಾಳೆ ನೋಡಿದೆ. ಚಿತ್ರದಲ್ಲಿ ಪ್ರತಿಯೊಂದು ಕೆಂಪುಕಣದ ನಡುವೆಯೂ ಬೊಟ್ಟಿಟ್ಟಂತೆ ಕಪ್ಪು ಚುಕ್ಕೆ. ನನ್ನದರಲ್ಲಿ ಎಲ್ಲವೂ ಬೋಳು. ಅಲ್ಲೊಂದು ಇಲ್ಲೊಂದು ದಪ್ಪ ಕಣದಲ್ಲಿ ಮಾತ್ರ ಕಪ್ಪು ಉಳಿದಿತ್ತು. ನನ್ನಲ್ಲಿ ಮಿಕ್ಕ ಆಯಸ್ಸು ಅಷ್ಟೇ ಅಂದುಕೊಂಡೆ.

ಕೊಡಿಗೇಹಳ್ಳಿಯ ಮನೆಗೆ ಬಂದು ಮುದ್ದೆಯ ತಟ್ಟೆ ಪಕ್ಕಕ್ಕೆ ಸರಿಸಿದೆ. "ಯಾಕ್ರೀ, ಮುದ್ದೆ ಅಂಗೇ ಬಿಟ್ರಿ?" ಅಂದಳು ಹೆಂಡತಿ ಶಾರದೆ. ಹೇಳಿದೆ.

"ಚುಕ್ಕೆ ಇಲ್ದಿದ್ರೆ ಬೆಳಗ್ಗೆ ಅಷ್ಟು ಸೌದೆ ಒಡೆದೋರು ಯಾರು?"

"ಅದೇ ಕೊನೇ ಶಕ್ತಿ ಇರ್ಬೇಕು. ಎಲ್ಲಿ, ನಿನ್ನ ಬೆರಳು ಕೊಡು, ನೋಡೋಣ."

"ಬೇಗ ಚುಚ್ಚಿ. ಹಾಲು ಉಕ್ತೈತೆ."

ಮರುದಿನ ನೋಡಿದರೆ ಅವಳದರಲ್ಲೂ ಚುಕ್ಕೆಯಿಲ್ಲ. ನನ್ನ ರೋಗ ಅವಳಿಗೂ ಅಂಟಿತು. ಡಾಕ್ಟರ ಮುಂದೆ ನಿಂತು, "ಸಾರ್, ನಾನು ಹೋದ್ರೂ ಚಿಂತೆಯಿಲ್ಲ, ಅವಳನ್ನ ಉಳಿಸಿಕೊಡಿ" ಎಂದು ಎರಡು ಗಾಜಿನ ಪಟ್ಟಿಯನ್ನೂ ಪುಸ್ತಕವನ್ನೂ ಇಟ್ಟೆ.

ಅವರು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಪುಸ್ತಕ ನೋಡಿದರು, ಮೊದಲ ಪುಟ ತೆಗೆದು ಹುಂಜದ ಮೇಲೆ ಬೆರಳಿಟ್ಟರು. "ಇದು ಕೋಳಿ ರಕ್ತದ ಪುಸ್ತಕ ಕಣಯ್ಯ. ಆ ಚುಕ್ಕೆ ಕೋಳಿಗಿರತ್ತೆ, ಮನುಷ್ಯರಿಗಿರಲ್ಲ. ನಿನಗಿದ್ದಿದ್ರೆ ನಾನೇ ಓಡಿಹೋಗ್ತಿದ್ದೆ."

ಕಪ್ಪುಬಿಳುಪಿನದನ್ನೇ ಆರಿಸಿಕೊಂಡೆ. ಮನೆಯಲ್ಲಿ ವಿಷಯ ಹೇಳಿದಾಗ ಶಾರದೆ ತನ್ನ ಬೆರಳನ್ನೊಮ್ಮೆ ನೋಡಿಕೊಂಡು, "ತಾನು ಕೋಳಿ ಅಲ್ಲ ಅಂತ ಊಟ ಬಿಟ್ಟೋರು ಈ ಊರಲ್ಲಿ ನೀವೊಬ್ರೇ" ಅಂದಳು.

ಆದರೂ ಅಂದಿನ ಹೆದರಿಕೆ ಪೂರ್ತಿ ಹೋಗಿಲ್ಲ. ಇವತ್ತಿಗೂ ಪರೀಕ್ಷೆಗೆ ಬಂದ ಕೋಳಿಯ ರಕ್ತದಲ್ಲಿ ಆ ಚುಕ್ಕೆಗಳು ಸಾಲಾಗಿ ಕಂಡ ಕೂಡಲೇ, ಪುಣ್ಯವಂತ ಕೋಳಿ, ಎಷ್ಟು ಆರೋಗ್ಯವಾಗಿದೆ ಅನ್ನಿಸುತ್ತದೆ. ಅದು ರೋಗ ಬಂದು ಸತ್ತ ಕೋಳಿ ಎಂಬುದು ಆಮೇಲೆ ನೆನಪಾಗುತ್ತದೆ.