ಒಂದೇ ಸಲ ಕೇಳುವ ಊರು

ಇಗ್ನೇಷಿಯಸ್ ಕೆಟ್ಟದ್ದು "ಬೇಡ" ಎಂಬ ಒಂದೇ ಮಾತಿನಿಂದ.

ಇಂಗ್ಲಿಷರ ನಾಡಿನ ಸ್ಟ್ರಾಟ್‌ಫರ್ಡ್‌ನ ಹಿಂಬದಿಯ ಬೀದಿಯಲ್ಲಿ ಒಂದು ಇಗರ್ಜಿ. ಅದರ ಹಾಲ್‌ನಲ್ಲಿ ಇಪ್ಪತ್ತು ವರ್ಷಗಳಿಂದ ಪ್ರತಿ ಬುಧವಾರ ಮನೆಯಿಲ್ಲದವರಿಗೆ, ಯಾರೂ ಇಲ್ಲದವರಿಗೆ ಬಿಸಿ ಊಟ. ಕರಾವಳಿಯ ಶಿರ್ವದಿಂದ ಬಂದ ಇಗ್ನೇಷಿಯಸ್ ಅಲ್ಲಿ ಪಾತ್ರೆ ತೊಳೆಯುವ ಸೇವೆಗೆ ಸೇರಿ ಆರು ವರ್ಷ. ಐವತ್ತು ದಾಟಿದ ಬ್ರಹ್ಮಚಾರಿ, ಬಾಡಿಗೆ ರೂಮಿನ ವಾಸ. ಬುಧವಾರ ಬಿಟ್ಟರೆ ವಾರವಿಡೀ ಅವನನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಅದನ್ನು ಅವನು ಯಾರಲ್ಲೂ ಹೇಳಿಕೊಂಡವನಲ್ಲ.

೧೯೯೭ರ ಡಿಸೆಂಬರಿನ ಒಂದು ಬುಧವಾರ ಹಾಲ್ ನೋಡಿಕೊಳ್ಳುವ ಡೊರೀನ್ ಪಟ್ಟಿ ಹಿಡಿದು ಬಂದಳು. ಒಂಟಿ ಜನರನ್ನು ಕ್ರಿಸ್‌ಮಸ್ ಊಟಕ್ಕೆ ಒಂದೊಂದು ಮನೆಗೆ ಹಂಚುವ ಪಟ್ಟಿ ಅದು.

"ಇಗ್ನೇಷಿಯಸ್, ನಿಮ್ಮನ್ನೂ ಒಂದು ಮನೆಗೆ ಬರೆಯಲೇ?"

ಅವನ ಎದೆ ಹಿಗ್ಗಿತು. ಆದರೆ ಕರೆದ ಕೂಡಲೇ ಹೂಂ ಎನ್ನಲು ಅವನೇನು ಊಟ ಕಾಣದವನೇ? ಶಿರ್ವದಲ್ಲಾದರೆ ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲ ಕೈಹಿಡಿದು ಎಳೆದಾಗ ಏಳಬೇಕು.

"ಛೆ, ಬೇಡ ಬೇಡ," ಎಂದು ಎರಡನೆಯ ಸಲಕ್ಕೆ ಕಾದ.

"ಸರಿ," ಎಂದು ಡೊರೀನ್ ಅವನ ಹೆಸರಿನ ಮೇಲೆ ಗೀಟೆಳೆದು ಹೋದಳು.

ಇಗ್ನೇಷಿಯಸ್ ಸಿಂಕಿನ ಮುಂದೆ ನಿಂತು ಅವಳಿಗೆ ಕೇಳುವಂತೆ ದೊಡ್ಡದಾಗಿ ನಿಟ್ಟುಸಿರು ಬಿಟ್ಟ. ಅವಳು ಬಂದು ಕೆಮ್ಮಿನ ಮಾತ್ರೆ ಕೊಟ್ಟಳು. ಆಮೇಲೆ ಅವನು ಮೇಜಿನಲ್ಲಿ ಊಟಕ್ಕೆ ಬಂದವರ ನಡುವೆ ಕುಳಿತು, ಖಾಲಿ ತಟ್ಟೆಯನ್ನೇ ನೋಡತೊಡಗಿದ. ಅಂದೇ ಸೇವೆಗೆ ಸೇರಿದ್ದ ಆಲನ್ ಎಂಬ ರಿಟೈರ್ಡ್ ಮೇಷ್ಟ್ರು ಅವನೂ ಮನೆಯಿಲ್ಲದವನೆಂದು ತಿಳಿದು, ಅವನ ಹೆಗಲಿಗೆ ಕಂಬಳಿ ಹೊದೆಸಿ, ಕೈಗೆ ಉಣ್ಣೆಯ ಕಾಲುಚೀಲ ಹಿಡಿಸಿದರು. ಬೇಡ ಎಂದ. ತಗೊಳ್ಳಿ ಎಂದರು. ಬೇಡ ಎಂದ. ದಯವಿಟ್ಟು ಎಂದರು. ಇಂಗ್ಲಿಷರೊಬ್ಬರು ಅವನನ್ನು ಮೂರು ಸಲ ಒತ್ತಾಯಿಸಿದ್ದು ಅದೇ ಮೊದಲು, ಅದೂ ಕಾಲುಚೀಲಕ್ಕೆ.

ಮೂಲೆಯಲ್ಲಿ ನೀರುಳ್ಳಿ ಹೆಚ್ಚುತ್ತಿದ್ದ ಸುಗಂಧಿ ಎಲ್ಲ ನೋಡುತ್ತಿದ್ದಳು. ಕುಂದಾಪುರದವಳು, ಗಂಡ ಹೋಟೆಲಿನಲ್ಲಿ ಅಡುಗೆಯವ. ದೇವರು ಯಾರಾದರೇನು, ನೀರುಳ್ಳಿ ಒಂದೇ ಎಂದು ಇಗರ್ಜಿಗೆ ಬರುತ್ತಿದ್ದವಳು.

"ಎಂತ ಮಾರಾಯ್ರೆ ನಿಮ್ಮ ಅವಸ್ಥೆ?"

ಅವನು ನಾಚಿಕೆ ಬಿಟ್ಟು ಎಲ್ಲ ಹೇಳಿದ.

"ಇಗ್ನೇಷಿಯಸಣ್ಣ, ಇದು ಒಂದೇ ಸಲ ಕೇಳುವ ಊರು. ಇನ್ನು ಮೇಲೆ ಯಾರು ಎಂತ ಕೇಳಿದ್ರೂ ಮೊದಲು ಹೌದು ಅಂತ ಹೇಳಿ," ಎಂದವಳೇ ಕತ್ತಿ ಕೆಳಗಿಟ್ಟು, ಏನೋ ನೆನಪಾದಂತೆ ಬೀದಿಯ ಫೋನ್ ಬೂತಿಗೆ ಹೋದಳು.

ಅಷ್ಟರಲ್ಲಿ ಡೊರೀನ್ ಮತ್ತೆ ಬಂದಳು.

"ಇಗ್ನೇಷಿಯಸ್, ಕ್ರಿಸ್‌ಮಸ್ ದಿನ ನೀವು..."

"ಹೌದು."

"ನಾನಿನ್ನೂ ಕೇಳಲೇ ಇಲ್ಲ."

"ಹೌದು, ಹೌದು," ಎಂದ ಅವನು. ಕಣ್ಣು ತುಂಬಿ ಬಂದಿತ್ತು.

ಡೊರೀನ್ ಅವನ ಅಂಗೈಯಲ್ಲಿ ಬೀಗದ ಕೈ ಇಟ್ಟಳು. "ಎಷ್ಟು ದೊಡ್ಡ ಮನಸ್ಸು ನಿಮ್ಮದು. ಪಟ್ಟಿಯಲ್ಲಿದ್ದವರಿಗೆಲ್ಲ ಮನೆ ಸಿಕ್ಕಿತು. ಆದರೂ ಪಟ್ಟಿಗೆ ಸೇರದೆ ಉಳಿದವರು ಯಾರಾದರೂ ಬಂದರೆ ಅಂತ ಬೆಳಿಗ್ಗೆಯಿಂದ ರಾತ್ರಿವರೆಗೆ ಹಾಲ್ ತೆರೆದಿಡಬೇಕು. ಬರುವವರು ಯಾರೂ ಇಲ್ಲವೆಂದೇ ನನ್ನ ಎಣಿಕೆ. ನೀವು ಬೇಡ ಅಂದಾಗ, ನಿಮಗೆ ಮನೆಯಲ್ಲಿ ಜನ ಕಾಯುತ್ತಿರುತ್ತಾರೇನೋ ಅಂತ ಇದನ್ನು ಕೇಳಲು ಹಿಂಜರಿದೆ. ಅಂದಹಾಗೆ ಅವತ್ತು ಹೀಟಿಂಗ್ ಇರುವುದಿಲ್ಲ."

ಬೀಗದ ಕೈ ಹಿಂದಿರುಗಿಸಲು ಅವನ ಕೈ ಎದ್ದಿತು. ಯಾರಾದರೂ ಬಂದು ಮುಚ್ಚಿದ ಬಾಗಿಲು ಕಂಡರೆ ಹೇಗಾದೀತು ಎಂಬುದು ಆ ಹಾಲ್‌ನಲ್ಲಿ ಅವನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಅವನು ಅದನ್ನು ಕಿಸೆಗೆ ಹಾಕಿಕೊಂಡ.

ಸುಗಂಧಿ ಏದುಸಿರು ಬಿಡುತ್ತ ವಾಪಸು ಬಂದಳು. "ಕ್ರಿಸ್‌ಮಸ್‌ಗೆ ಹೋಟೆಲ್ ರಜೆಯಂತೆ, ಇವರಿಗೆ ಫೋನ್ ಮಾಡಿ ಕೇಳಿದೆ. ನಿಮ್ಮನ್ನು ನಮ್ಮಲ್ಲಿಗೆ ಊಟಕ್ಕೆ ಕರೆಯುವ ಅಂತ, ನಾಲ್ಕು ಸಲ ಕೇಳ್ಲಿಕ್ಕೂ ತಯಾರಾಗಿ ಬಂದೆ. ಬಾಗಿಲಲ್ಲಿ ಡೊರೀನ್ ಸಿಕ್ಕಿದ್ಲು. ಹಾಲ್ ಕಾಯ್ಲಿಕ್ಕೆ ನೀವಾಗಲೇ ಒಪ್ಪಿಕೊಂಡಿದ್ದೀರಂತಲ್ಲ."

ಇಗ್ನೇಷಿಯಸ್ ಕಿಸೆಯಲ್ಲಿದ್ದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡ.

"ಆಗಲೇ ಒಂದು ಸಲ ಕೇಳಬಹುದಿತ್ತಲ್ಲ ಸುಗಂಧಿ," ಎಂದ.

"ಕೇಳಿದ್ರೆ ನೀವು ಬೇಡ ಅಂತಿದ್ರಿ."

ಹೀಟಿಂಗ್ ಇಲ್ಲದ ದಿನಕ್ಕೆಂದು ಅವನು ಆ ಉಣ್ಣೆಯ ಕಾಲುಚೀಲ ಅಳತೆಗೆ ಸರಿಯಾಗುತ್ತದೋ ಎಂದು ನೋಡತೊಡಗಿದ.