ಗಂಡನ ದಕ್ಷತೆ ಕಂಡುಹಿಡಿಯಿರಿ

ಒಂದು ಪ್ರಶ್ನೆಪತ್ರಿಕೆ ತೆಗೆಯಲು ವಾರಗಟ್ಟಲೆ ಒದ್ದಾಡುವ ಮಾಸ್ತರರ ಪೈಕಿ ನಾನಲ್ಲ! ಚಹಾ ಆರುವುದರೊಳಗೆ ಚಾಟ್‌ಬಾಟ್‌ನಿಂದ ತೆಗೆಸಿಬಿಡುತ್ತೇನೆಂದು ಹೆಂಡತಿ ಅನ್ನಪೂರ್ಣಾಳ ಎದುರು ಘೋಷಿಸಿದೆ. ನಾನು ಬೈಲಹೊಂಗಲದ ಹತ್ತಿರ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಉಪನ್ಯಾಸಕ, ಅದೂ ಹಂಗಾಮಿ. ನನ್ನನ್ನು ಕಾಯಂ ಮಾಡುವ ಕಾಗದ ವಿಭಾಗ ಮುಖ್ಯಸ್ಥ ಅಮೋಘಸಿದ್ದಪ್ಪನವರ ಸಹಿಗಾಗಿ ಕಾದಿತ್ತು. “ಈ ಸಲ ಪತ್ರಿಕ್ಯಾಗ ಒಂದ ತಪ್ಪಾದ್ರೂ ಸಹಿ ಮರತಬಿಡ್ರಿ” ಎಂದಿದ್ದರು.

ಅಡುಗೆಮನೆಯಲ್ಲೇ ಕುಳಿತು ಮೊಬೈಲಿನ ಮೈಕು ಒತ್ತಿ ಅಪ್ಪಣೆ ಕೊಟ್ಟೆ: “ಯಂತ್ರಗಳ ದಕ್ಷತೆಯ ಮೇಲೆ ಪ್ರಶ್ನೆ ತೆಗೆ. ಉದಾಹರಣೆಗಳು ನಮ್ಮ ಬೈಲಹೊಂಗಲದ ದಿನನಿತ್ಯದ ಬದುಕಿನವೇ ಇರಲಿ!”

“ಜ್ವಾಳದ ಚೀಲ ಮುಂಜಾನಿಂದ ಮೂಲ್ಯಾಗ ಕುಂತೈತಿ, ನೀವೂ ಕುಂತೀರಿ!” ಅನ್ನಪೂರ್ಣಾ ಶುರುಮಾಡಿದಳು. “ಗಿರಣಿಗೆ ಯಾವಾಗ ಹೋಗತೀರಿ? ಮೂರೂ ಹೊತ್ತು ರೊಟ್ಟಿ ತಿನ್ನೂದೊಂದ ಗೊತ್ತು, ಕೆಲಸ ಒಂದೂ ಆಗೂದಿಲ್ಲ!”

“ನಾ ಇಲ್ಲೆ ದೇಶಕ್ಕ ಎಂಜಿನಿಯರ್ ತಯಾರ್ ಮಾಡಾಕತ್ತೇನಿ!”

“ಮೊದಲ ಹಿಟ್ಟ ತಯಾರ್ ಮಾಡಿಸ್ಕೊಂಡ ಬರ್ರಿ.”

ಮೈಕು ಬಂದ್ ಮಾಡಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಪತ್ರಿಕೆ ಬಂತು. ಮೊದಲ ಪುಟ ಅಚ್ಚುಕಟ್ಟಾಗಿತ್ತು. ಕೊನೆಯ ಪುಟ ಓದಿದರೆ ಯಂತ್ರಕ್ಕೆ ಅವಮಾನವೆಂದುಕೊಂಡು ಹಾಗೇ ಮುದ್ರಿಸಿ, ಮೊಹರು ಹಾಕಿ ಒಪ್ಪಿಸಿದೆ.

ಮರುದಿನ ಪರೀಕ್ಷೆ. ಕೊಠಡಿಯಲ್ಲಿ ನಾನೇ ಮೇಲ್ವಿಚಾರಕ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ನಡುವಿನ ಸಾಲು. ಒಂದು ಪತ್ರಿಕೆ ಕಸಿದು ನೋಡಿದೆ. ಕೊನೆಯ ಪ್ರಶ್ನೆ ಇಂಗ್ಲಿಷಿನಲ್ಲಿ ಬಲು ಗಂಭೀರವಾಗಿತ್ತು. ಕನ್ನಡದಲ್ಲಿ ಹೇಳುವುದಾದರೆ ಇಷ್ಟು:

‘ಬೈಲಹೊಂಗಲದಲ್ಲಿ ಒಬ್ಬ ಗಂಡನಿದ್ದಾನೆ. ಅವನೊಳಗೆ ಹಾಕಿದ್ದು ಮೂರು ಹೊತ್ತು ರೊಟ್ಟಿ. ಹೊರಗೆ ಬಂದ ಕೆಲಸ ಏನೂ ಇಲ್ಲ. ಜೋಳ ಇನ್ನೂ ಮೂಲೆಯಲ್ಲಿದೆ. ಗಂಡನ ದಕ್ಷತೆ ಕಂಡುಹಿಡಿಯಿರಿ.’

ತಲೆ ಎತ್ತಿದರೆ ಬಾಗಿಲಲ್ಲಿ ಅಮೋಘಸಿದ್ದಪ್ಪನವರು! ಅವರ ಕೈಯಲ್ಲೂ ಪತ್ರಿಕೆ.

“ಉತ್ತರ ಏನ್ ಬರತೈತ್ರಿ?”

“ಸೊನ್ನೆ, ಸರ್.”

ಅವರು ಪತ್ರಿಕೆ ಮಡಚಿ ಕಿಸೆಗಿಟ್ಟುಕೊಂಡು ಹೊರಟುಹೋದರು. ನೌಕರಿ ಹೋಯಿತೆಂದು ನನಗೆ ಅಳುವೇ ಬಂತು.

ಸಂಜೆ ಮನೆಗೆ ಬಂದವನೇ ಅನ್ನಪೂರ್ಣಾ ಬಾಯಿ ತೆರೆಯುವ ಮೊದಲು ಚೀಲ ಹೊತ್ತು ಗಿರಣಿಗೆ ನಡೆದೆ. ಪಾಳಿಯ ಸಾಲಿನಲ್ಲಿ ನನ್ನ ಮುಂದೆ ಇನ್ನೂ ದೊಡ್ಡ ಚೀಲ ಹಿಡಿದು ನಿಂತವರು ತಿರುಗಿದರು. ಅಮೋಘಸಿದ್ದಪ್ಪನವರು!

“ನಿಮ್ಮ ಪತ್ರಿಕಿ ನನ್ನ ಕಿಸೇದಾಗ ನಮ್ಮನಿಯವರಿಗೆ ಸಿಕ್ತು” ಎಂದರು ಮೆಲ್ಲಗೆ. “ಅವರೂ ಲೆಕ್ಕಾ ಬಿಡಿಸಿದ್ರು. ನಂದೂ ಸೊನ್ನೆನ ಬಂತು.”

“ಸರ್, ನನ್ನ ಕಾಗದಕ್ಕ ಸಹಿ...?”

ಅವರು ತಮ್ಮ ಚೀಲವನ್ನೂ ನನ್ನ ಹೆಗಲಿಗೇರಿಸಿದರು.

“ಇದನ್ನೂ ಬೀಸಿಸಿ ನಮ್ಮನಿಗೆ ಮುಟ್ಟಸ್ರಿ. ನಿಮ್ಮ ದಕ್ಷತೆ ನೋಡಿ ಮಾಡತೇನಿ!”