ಬುಟ್ಟಿ ಇಳಿಯದ ಶನಿವಾರ

ಆ ಶನಿವಾರದ ಇಡೀ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ರುಜು. ಅದು ಬೀಳಬೇಕಾಗಿದ್ದದ್ದು ಚೆಂಬೂರಿನ ‘ಸುಖಧಾಮ’ ಸೊಸಾಯಿಟಿಯ ಹೊಸ ಲಿಫ್ಟಿನ ನಕ್ಷೆಯ ಕೆಳಗೆ. ಹಾಕಬೇಕಾದವರು ಚೇರ್ಮನ್ ಸದಾನಂದ ಶೆಟ್ಟರು, ಹಾಕಿಸಬೇಕಾದವನು ಆರನೇ ಮಾಳಿಗೆಯ ಬಸು.

ಬಸು ಪರೇಲಿನ ಒಂದು ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಎಂಟು ತಿಂಗಳ ಹಿಂದೆ ಹಳೆಯ ಲಿಫ್ಟು ನಾಲ್ಕನೇ ಮಾಳಿಗೆಯಲ್ಲಿ ಕೊನೆಯುಸಿರೆಳೆದಾಗ, ಸೊಸಾಯಿಟಿಯವರು ಅವನ ವಿಸಿಟಿಂಗ್ ಕಾರ್ಡ್ ನೋಡಿ, ‘ಇವನ ಕಾರ್ಡಿನಲ್ಲೇ ಬರೆದಿದೆಯಲ್ಲ’ ಎಂದು ಹೊಸ ಲಿಫ್ಟಿನ ಕೆಲಸವನ್ನು ಅವನ ಕೊರಳಿಗೆ ಕಟ್ಟಿದ್ದರು. ಆಫೀಸಿನಲ್ಲಿ ಹೊಸಬರಿಗೆ ಅವನೇ ಪಾಠ ಹೇಳುತ್ತಿದ್ದ. ಕೆಲಸ ಕೆಡುವುದು ಕೆಳಗಿನವರಿಂದಲ್ಲ, ಸ್ಪಾನ್ಸರ್ ಎಂದು ಹೆಸರು ಕೊಟ್ಟು ಸುಮ್ಮನೆ ಕೂತುಬಿಡುವ ದೊಡ್ಡವರಿಂದ. ಅವರನ್ನು ಸೈಟಿಗೆ ಕರೆತನ್ನಿ, ಕೆಲಸದೊಳಗೆ ಸೇರಿಸಿಕೊಳ್ಳಿ ಎನ್ನುತ್ತಿದ್ದ. ಹೊಸಬರು ಅದನ್ನು ಬರೆದುಕೊಳ್ಳುತ್ತಿದ್ದರು. ಆದರೆ ಅವನ ಸ್ವಂತ ಬಿಲ್ಡಿಂಗಿನ ದೊಡ್ಡವರು ಇದ್ದದ್ದು ಒಂದನೇ ಮಾಳಿಗೆಯಲ್ಲಿ. ದಿನಕ್ಕೆ ಹದಿನಾರು ಮೆಟ್ಟಿಲು ಹತ್ತುವವರಿಗೆ ಲಿಫ್ಟಿನ ಚಿಂತೆ ಎಲ್ಲಿಂದ ಬರಬೇಕು?

ನಿಜವಾದ ಕಷ್ಟ ಬಸುವಿನ ಅವ್ವ ಕಾಶವ್ವನದು. ಎಪ್ಪತ್ತು ದಾಟಿದ ಅವಳ ಮೊಣಕಾಲು ಮೆಟ್ಟಿಲೆಂದರೆ ಮುಷ್ಕರ ಹೂಡುತ್ತಿತ್ತು. ಎಂಟು ತಿಂಗಳಿಂದ ಅವಳು ನೆಲ ಮುಟ್ಟಿರಲಿಲ್ಲ. ಚೇರ್ಮನ್ನರ ಹೆಂಡತಿ ಸೇವಂತಿ ಅವಳ ಜೀವದ ಗೆಳತಿ. ಮೊದಲೆಲ್ಲ ಸಂಜೆ ಇಬ್ಬರೂ ಕಂಪೌಂಡಿನ ಬೆಂಚಿನ ಮೇಲೆ ಕೂತು ಇಡೀ ಬಿಲ್ಡಿಂಗಿನ ಜಾತಕ ಬಿಡಿಸುತ್ತಿದ್ದರು. ಈಗ ಇವಳಿಗೆ ಇಳಿಯಲಾಗದು, ಅವಳಿಗೆ ಹತ್ತಲಾಗದು. ಇಬ್ಬರ ನಡುವೆ ಉಳಿದದ್ದು ಒಂದು ಬುಟ್ಟಿ. ತರಕಾರಿಯವನಿಗೆಂದು ಹಗ್ಗ ಕಟ್ಟಿಟ್ಟ ಆ ಬುಟ್ಟಿಯಲ್ಲಿ ಕಾಶವ್ವ ಪ್ರತಿ ಶನಿವಾರ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕೆಳಗಿಳಿಸುತ್ತಿದ್ದಳು. ಮೂರು ಹೋಟೆಲುಗಳ ಒಡೆಯರಾಗಿ ಇಡ್ಲಿಯ ಮುಖ ನೋಡಿ ನೋಡಿ ಬೇಸತ್ತಿದ್ದ ಶೆಟ್ಟರು ವಾರವಿಡೀ ಈ ಬುಟ್ಟಿಗಾಗಿ ಕಾಯುತ್ತಿದ್ದರು.

ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸೋಣವೇ ಎಂದು ಬಸು ಒಮ್ಮೆ ಕೇಳಿ ಬೈಸಿಕೊಂಡಿದ್ದ. “ನಾಕು ಮಂದಿ ಹೊತ್ತು ಇಳಸೂದು ಒಂದ ಸಲ. ಅದಕ್ಕ ಇನ್ನೂ ಟೈಮ್ ಐತಿ,” ಎಂದಿದ್ದಳು ಕಾಶವ್ವ. ಬಾಣಂತನಕ್ಕೆ ಧಾರವಾಡಕ್ಕೆ ಹೋಗಿದ್ದ ಹೆಂಡತಿ ಸೌಮ್ಯಾ ಕೂಡ ಫೋನಿನಲ್ಲಿ, “ಲಿಫ್ಟ್ ಆಗೂತನಕ ಕೂಸಿನ್ನ ಎತಗೊಂಡು ನಾ ಬರಂಗಿಲ್ಲ ನೋಡ್ರಿ,” ಎಂದು ಕಡ್ಡಿ ಮುರಿದಂತೆ ಹೇಳಿದ್ದಳು.

ಹೀಗಿರುವಾಗ ಆ ಬೆಳಿಗ್ಗೆ ಎಂಟಕ್ಕೆ ಲಿಫ್ಟ್ ಕಂಪನಿಯ ಸಚಿನನ ಫೋನು ಬಂತು. “ಬಸು ಸಾಬ್, ಸಂಜೆ ಆರರೊಳಗೆ ಚೇರ್ಮನ್ ಸೈನ್ ಇಲ್ಲ ಅಂದ್ರೆ ನಿಮ್ಮ ಮಶೀನ್ ಮುಲುಂಡ್‌ಗೆ ಹೋಗ್ತದೆ. ನಿಮ್ದು ಫಿರ್ ದೀಪಾವಳಿ ಆದ್ಮೇಲೆ.”

ಬಸು ನಕ್ಷೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಒಂದನೇ ಮಾಳಿಗೆಗೆ ಓಡಿದ. ಸೇವಂತಿ ಬಾಗಿಲು ತೆರೆದು, “ಅವರು ಸಯನ್ ಹೋಟೆಲಿಗೆ ಹೋಗಿ ಆಯ್ತಲ್ಲ. ಕಾಶಕ್ಕ ಹೇಗಿದ್ದಾರೆ? ಅವರ ಹತ್ರ ಹೇಳ್ಲಿಕ್ಕೆ ಒಂದು ರಾಶಿ ಉಂಟು, ಫೋನಲ್ಲಿ ಹೇಳುವಂಥದ್ದಲ್ಲ,” ಎಂದಳು.

ಬಸು ಬಸ್ಸು ಹಿಡಿದು ಸಯನ್‌ಗೆ ಹೋದ. ಶೆಟ್ಟರು ಗಲ್ಲಾದ ಮೇಲೆ ವಿರಾಜಮಾನರಾಗಿದ್ದರು. ನಕ್ಷೆ ಬಿಚ್ಚುವ ಮೊದಲೇ ಅವನ ಮುಂದೆ ನೀರುದೋಸೆ ಬಂತು. ದೋಸೆ ಮುಗಿಸುವ ಮೊದಲೇ ಕಾಫಿ ಬಂತು.

“ಶೆಟ್ರೇ, ಇಲ್ಲೊಂದು ರುಜು...”

“ಹಾಕುವಾ ಮಾರಾಯ. ಎಲ್ಲರ ಅಭಿಪ್ರಾಯ ತಗೊಂಡಿದ್ದೀಯಾ? ನಾಳೆ ಯಾರೂ ಚೇರ್ಮನ್ ಒಬ್ಬನೇ ಮಾಡಿದ ಅಂತ ಹೇಳ್ಬಾರ್ದು. ಮತ್ತೆ ಇಷ್ಟು ಅರ್ಜೆಂಟ್ ಎಂತದು? ನನ್ನನ್ನು ನೋಡು, ಅರವತ್ತೆಂಟು ವರ್ಷ. ನಡ್ಕೊಂಡೇ ಹತ್ತುದು!”

‘ಒಂದು ಮಾಳಿಗೆ’ ಎಂಬ ಮಾತು ಬಸುವಿನ ನಾಲಿಗೆಯ ತುದಿಗೆ ಬಂದು, ಕಾಫಿಯ ಜೊತೆ ಒಳಗೆ ಇಳಿಯಿತು.

ವಾಪಸು ಬಂದು ಮೆಟ್ಟಿಲು ಹತ್ತತೊಡಗಿದವನನ್ನು ಮೂರನೇ ಮಾಳಿಗೆಯಲ್ಲಿ ನಮಿತಾ ತಡೆದಳು. ಅವಳು ಮೊಣಕಾಲು, ಸೊಂಟಗಳಿಗೆ ವ್ಯಾಯಾಮ ಹೇಳಿಕೊಡುವ ಫಿಜಿಯೋಥೆರಪಿಸ್ಟ್. “ಅಂಕಲ್, ಲಿಫ್ಟ್ ಮೆ ಮಿರರ್ ಬೇಕೇ ಬೇಕು. ಫುಲ್ ಸೈಜ್. ನಹೀಂ ತೋ ನಂದು ಅಬ್ಜೆಕ್ಷನ್ ಇದೆ,” ಎಂದಳು. ಐದನೇ ಮಾಳಿಗೆಯಲ್ಲಿ ಕಮಿಟಿ ಮೆಂಬರ್ ಮುರಿಗೆಪ್ಪನವರು ಬನಿಯನ್ನಿನಲ್ಲಿ ನಿಂತಿದ್ದರು. ಬಸು ನಕ್ಷೆ ಚಾಚಿದ. ಅವರು ಹಾವು ಕಂಡವರಂತೆ ಎರಡು ಹೆಜ್ಜೆ ಹಿಂದೆ ಸರಿದರು.

“ಮೊದಲ ಚೇರ್ಮನ್ರು, ಆಮ್ಯಾಲ ನಾನು. ಎಲ್ಲರ ಒಪ್ಪಿಗಿ ಆದಮ್ಯಾಲ ನಾನೂ ಒಪ್ಪಾಂವನ.”

ಚೇರ್ಮನ್ನರಿಗೆ ಎಲ್ಲರ ಒಪ್ಪಿಗೆ ಬೇಕು, ಎಲ್ಲರಿಗೂ ಚೇರ್ಮನ್ನರ ಒಪ್ಪಿಗೆ ಬೇಕು. ಬಸು ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದ. ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು.

“ಏನಾತೋ?”

“ಸ್ಪಾನ್ಸರ್ ಸೈಟಿಗೆ ಬರವೊಲ್ಲರು ಬೇ. ಮತ್ತೇನಿಲ್ಲ.”

“ಸ್ಪಾನ್ಸರ್ ಅಂದ್ರ ಏನಪಾ?”

ಬಸು ಆಫೀಸಿನ ಪಾಠವನ್ನೆಲ್ಲ ಅವ್ವನಿಗೆ ಒಪ್ಪಿಸಿದ. ಯಾರ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೋ ಅವರು ಸ್ಪಾನ್ಸರ್. ಕಷ್ಟವನ್ನು ಅವರು ಕಾಗದದಲ್ಲಿ ನೋಡಿದರೆ ಸಾಲದು, ಕಷ್ಟ ಇರುವ ಜಾಗಕ್ಕೇ ಬಂದು ನೋಡಬೇಕು. ಕಾಶವ್ವ ಬಡಿಯುವುದನ್ನು ನಿಲ್ಲಿಸದೆ ಪೂರಾ ಕೇಳಿಸಿಕೊಂಡಳು. ಆಮೇಲೆ ಕೈ ಒರೆಸಿಕೊಂಡು ಕಿಟಕಿಯತ್ತ ಹೋದಳು, ಅಲ್ಲಿಂದ ಮಲಗುವ ಕೋಣೆಗೆ ಹೋದಳು, ತಿರುಗಿ ಬಂದು ಒಲೆಯ ಮುಂದೆ ನಿಂತಳು.

“ಹಗ್ಗ ಹರದೈತಿ ಅಂತ ಸೇವಂತಿಗೆ ಫೋನ್ ಮಾಡು. ಇವತ್ತ ಬುಟ್ಟಿ ಇಳಿಯಂಗಿಲ್ಲ.”

ಬಸು ನೋಡಿದ. ಕಿಟಕಿಯಲ್ಲಿ ಬುಟ್ಟಿ ಇತ್ತು, ಹಗ್ಗ ಇರಲಿಲ್ಲ. “ನಾನ ಒಯ್ದು ಕೊಟ್ಟು ಬರ್ತೀನಿ ತಗೋ.”

“ನೀ ಸುಮ್ಮ ಕೂಡು. ರೊಟ್ಟಿ ಆರಿದ್ರ ಏನ ಚೆಂದ? ಉಣ್ಣವರು ಬರ್ಲಿ.”

ಒಂದು ಗಂಟೆಗೆ ಶೆಟ್ಟರು ಊಟಕ್ಕೆ ಮನೆಗೆ ಬಂದರು. ಒಂದೂಕಾಲಿಗೆ ಸೇವಂತಿಯ ಫೋನು ಬಂತು, “ಇವರು ಕಿಟಕಿಯಲ್ಲಿ ತಲೆ ಹಾಕಿ ಮೇಲೆ ನೋಡ್ತಾ ಇದ್ದಾರೆ.” ಒಂದೂವರೆಗೆ ಮತ್ತೆ ಫೋನು ಬಂತು, “ಚಪ್ಪಲಿ ಮೆಟ್ಟಿದ್ರು.”

ಶೆಟ್ಟರು ಎರಡನೇ ಮಾಳಿಗೆಯವರೆಗೆ ಚೇರ್ಮನ್ನರಂತೆಯೇ ಹತ್ತಿದರು. ಮೂರನೆಯದರಲ್ಲಿ ಮೆಟ್ಟಿಲ ಪಕ್ಕದ ಕಂಬಿ ಹಿಡಿದರು. ನಾಲ್ಕನೆಯದರಲ್ಲಿ ಸತ್ತ ಲಿಫ್ಟಿನ ಬಾಗಿಲ ಮುಂದೆ ನಿಂತು, ಗುಂಡಿ ಒತ್ತಿ, ಒಂದು ನಿಮಿಷ ಕಾದರು. ಐದನೆಯದರಲ್ಲಿ ಮುರಿಗೆಪ್ಪನವರ ಮನೆಯ ಮುಂದಿನ ಚಪ್ಪಲಿ ಸ್ಟ್ಯಾಂಡಿನ ಮೇಲೆಯೇ ಕೂತುಬಿಟ್ಟರು. ಆರನೆಯದನ್ನು ಮುಟ್ಟಿದಾಗ ಅವರ ಶರಟು ಹಿಂಡಿದರೆ ಒಂದು ಕೊಡ ನೀರು ಬೀಳುವಂತಿತ್ತು. ಕಾಶವ್ವ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಬರ್ರಿ ಅಣ್ಣಾರ. ನೀರು ಕುಡೀರಿ.”

ಶೆಟ್ಟರು ತಂಬಿಗೆಯನ್ನು ಪಕ್ಕಕ್ಕೆ ಸರಿಸಿ, ಬಸುವಿನತ್ತ ಕೈ ಚಾಚಿದರು. “ಮೊದಲು ಪೆನ್ನು ಕೊಡು.”

ಬಾಗಿಲ ಚೌಕಟ್ಟಿಗೆ ನಕ್ಷೆ ಒತ್ತಿಟ್ಟು ರುಜು ಹಾಕಿದರು. ನೀರು ಕುಡಿದರು. ಆಮೇಲೆ ಕಾಶವ್ವನ ಮುಖ ನೋಡಿ, “ಎಂಟು ತಿಂಗಳು ನೀವು ಇಷ್ಟು ಮೆಟ್ಟಿಲಿನ ಮೇಲೆ ಕೂತು ನನಗೆ ರೊಟ್ಟಿ ಇಳಿಸಿದ್ದಾ ಕಾಶಕ್ಕ? ನನಗೆ ನಾಚಿಕೆ ಆಗ್ತದೆ,” ಎಂದರು. ಬಸುವಿಗೆ ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಕರಗಿತು.

ಊಟದ ಮೇಲೆ ಶೆಟ್ಟರು ಫೋನು ಕೈಗೆತ್ತಿಕೊಂಡರು. ಆ ಅರ್ಧ ಗಂಟೆಯನ್ನು ಬಸು ಜನ್ಮದಲ್ಲಿ ಮರೆಯಲಾರ. ಟೇಬಲ್ ಒರೆಸುವುದರಿಂದ ಶುರು ಮಾಡಿ ಮೂರು ಹೋಟೆಲು ಕಟ್ಟಿದ ಮನುಷ್ಯ ಸುಮ್ಮನೆ ಕಟ್ಟಿರಲಿಲ್ಲ. ಮುರಿಗೆಪ್ಪನವರು ಬನಿಯನ್ನಿನಲ್ಲೇ ಓಡಿಬಂದು ರುಜು ಒತ್ತಿದರು. ನಮಿತಾಳಿಗೆ ಕನ್ನಡಿ ಮಂಜೂರಾಯಿತು, ಅರ್ಧ ಸೈಜಿನದು. ರುಜುವಿನ ಫೋಟೋ ಸಚಿನನಿಗೆ ಹೋಯಿತು; ಲಿಫ್ಟ್ ಕೂರಿಸಲು ಆರು ತಿಂಗಳು ಹಿಡಿಯುತ್ತದೆ ಎನ್ನುತ್ತಿದ್ದ ಅವನು ಎರಡು ನಿಮಿಷದ ಮಾತಿನ ಕೊನೆಗೆ ತಾನಾಗಿಯೇ ಮೂರು ತಿಂಗಳು ಎಂದ. ದೊಡ್ಡವರನ್ನು ಸೇರಿಸಿಕೊಳ್ಳಬೇಕು ಎಂದು ಪಾಠ ಹೇಳುತ್ತಿದ್ದವನು, ಸೇರಿಸಿಕೊಂಡರೆ ಹೀಗಿರುತ್ತದೆ ಎಂಬುದನ್ನು ಅಂದೇ ಕಣ್ಣಾರೆ ಕಂಡ.

“ಆಯ್ತಲ್ಲ? ಹೊರಡ್ತೇನೆ,” ಎಂದು ಶೆಟ್ಟರು ಎದ್ದರು. ಎದ್ದವರು “ಅಯ್ಯಬ್ಬಾ!” ಎಂದು ಬಸುವಿನ ಹಾಸಿಗೆಯ ಮೇಲೆ ಬಿದ್ದರು. ಮೊಣಕಾಲು ಹಲಸಿನಕಾಯಿಯಂತೆ ಊದಿಕೊಂಡಿತ್ತು.

ನಮಿತಾ ಬಂದು ಒತ್ತಿ, ಮಡಚಿ, ತಲೆಯಾಡಿಸಿದಳು. “ಸ್ಟೆಪ್ಸ್ ಬಿಲ್ಕುಲ್ ಬೇಡ ಅಂಕಲ್. ಎರಡು ಮೂರು ತಿಂಗಳು ತೋ ಪಕ್ಕಾ.”

ಸಯನ್ ಹೋಟೆಲಿನಿಂದ ಇಬ್ಬರು ಅಡುಗೆಯವರು ಕುರ್ಚಿ ಹೊತ್ತು ಬಂದರು. ದಿನಾ ಮಣಗಟ್ಟಲೆ ಹಿಟ್ಟು ಎತ್ತುವ ಕೈಗಳು. ಆದರೂ ನೂರೈದು ಕಿಲೋದ ಮಾಲೀಕರನ್ನು ಎತ್ತಿ ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಕುರ್ಚಿ ತಿರುವಿನಲ್ಲಿ ಸಿಕ್ಕಿ ವಾಲಿತು. ಶೆಟ್ಟರು ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಿದರು, “ವಾಪಸು! ವಾಪಸು ತಗೊಳ್ಳಿ!” ಮತ್ತೆ ಹಾಸಿಗೆಗೆ ಬಂದು, “ಲಿಫ್ಟ್ ಬಂದ ಮೇಲೆಯೇ ನಾನು ಇಳಿಯುದು,” ಎಂದು ಘೋಷಿಸಿದರು.

ಅಡುಗೆಯವರು ಖಾಲಿ ಕುರ್ಚಿ ಎತ್ತಿಕೊಂಡು ಹೊರಟರು. ಕಾಶವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಪಾಪ, ಆರು ಮಾಳಿಗಿ ಹತ್ತಿ ಬಂದಾರ. ಬರೇ ಕೈಲೆ ಕಳಸಬಾರದು,” ಎನ್ನುತ್ತ ಕುರ್ಚಿಯಲ್ಲಿ ಕೂತಳು. “ಕೆಳಗ ಸೇವಂತಿ ಒಬ್ಬಾಕಿ ಅದಾಳ. ಅಣ್ಣಾರ ಇಲ್ಲಿ ಇರೂಮಟ ನಾ ಅಲ್ಲಿ ಇರ್ತೀನಿ. ಬಸೂ, ಅವರನ್ನ ಚೊಲೋ ನೋಡಿಕೋ.”

“ಅವ್ವಾ, ಹೊತ್ತು ಇಳಸೂದು ಒಂದ ಸಲ ಅಂದಿದ್ಯಲ್ಲ?”

“ಅದು ನಾಕು ಮಂದಿ. ಇವರು ಇಬ್ಬರ ಅದಾರ.”

ನಲವತ್ತೈದು ಕಿಲೋದ ಕಾಶವ್ವ ಹೂವಿನ ಬುಟ್ಟಿಯಂತೆ ಇಳಿದುಹೋದಳು. ಸಂಜೆ ಆರಕ್ಕೆ ಕಿಟಕಿಯಿಂದ ಬಸು ನೋಡಿದರೆ, ಬೆಂಚಿನ ಮೇಲೆ ಇಬ್ಬರು ಗೆಳತಿಯರು ಕೂತು ಎಂಟು ತಿಂಗಳ ಬಾಕಿ ನಗುವನ್ನೆಲ್ಲ ಒಟ್ಟಿಗೇ ನಗುತ್ತಿದ್ದರು. ಅವನಿಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು. ಅಷ್ಟರಲ್ಲಿ ಅವನ ಫೋನು ರಿಂಗಾಯಿತು.

“ಬಸೂ, ಬುಟ್ಟಿ ಇಳಿಸು. ಅಣ್ಣಾರಿಗೆ ರಾತ್ರಿ ಊಟ ಕಳಸ್ತೀನಿ. ಹಗ್ಗ ಗಾದಿ ಕೆಳಗೈತಿ.”

ಬಸು ಶೆಟ್ಟರನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸಿ ಗಾದಿಯ ಕೆಳಗೆ ಕೈ ಹಾಕಿದ. ಹಗ್ಗ ಬಂತು. ಎಲ್ಲಿಯೂ ಹರಿದಿರಲಿಲ್ಲ, ಅಚ್ಚುಕಟ್ಟಾಗಿ ಸುತ್ತಿಟ್ಟಿತ್ತು. ಶೆಟ್ಟರು ಹಗ್ಗವನ್ನು ನೋಡಿದರು, ಬಸುವನ್ನು ನೋಡಿದರು, ಆಮೇಲೆ ಮಂಚ ಅಲುಗಾಡುವಂತೆ ನಕ್ಕರು.

“ನಾವು ತಪ್ಪು ಜನಕ್ಕೆ ಪ್ರಾಜೆಕ್ಟ್ ಕೊಟ್ಟದ್ದು ಮಾರಾಯ. ನಿನ್ನ ಅಮ್ಮನಿಗೆ ಕೊಡ್ಬೇಕಿತ್ತು!”

ಬುಟ್ಟಿ ಇಳಿದು ಮೇಲೆ ಬಂತು. ಒಂದೇ ಡಬ್ಬಿ ಇತ್ತು. ಶೆಟ್ಟರು ಅದನ್ನು ಎದೆಯ ಮೇಲಿಟ್ಟುಕೊಂಡು ಕನ್ನಡಕ ಏರಿಸಿದರು. “ಇನ್ನು ನಾನು ಇಲ್ಲೇ ಇದ್ದೇನಲ್ಲ, ನಿನಗೆ ಚಿಂತೆ ಬೇಡ. ದಿನಾ ಬೆಳಿಗ್ಗೆ ಆರಕ್ಕೆ ಮೀಟಿಂಗ್, ರಾತ್ರಿ ಒಂಬತ್ತಕ್ಕೆ ಇನ್ನೊಂದು. ಮಧ್ಯೆ ನಿನ್ನ ಆಫೀಸಿಗೆ ಫೋನ್ ಮಾಡ್ತೇನೆ. ಎಲ್ಲ ಬರೆದು ಇಡ್ಬೇಕು. ಮತ್ತೆ ನಾಳೆ ಬೆಳಿಗ್ಗೆ ಉಪ್ಪಿಟ್ಟು ಮಾಡು. ರವೆ ಹುರಿಯುವಾಗ ನನ್ನನ್ನು ಕರಿ, ನಾನು ಇಲ್ಲಿಂದಲೇ ಹೇಳ್ತೇನೆ.”

ಬಸು ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಸಿ, ಐದು ಗಂಟೆಗೆ ಅಲಾರಾಂ ಇಟ್ಟ.